ಬೈಗುಳವೂ ಕೇಳುಗನ ಒಪ್ಪಿಗೆಯೂ

ವಿನೋದದ ವೇದಿಕೆಯಲ್ಲಿ ಅಶ್ಲೀಲ ಪದಗಳನ್ನಾಡಬಹುದೇ ಎಂಬ ಪ್ರಶ್ನೆ ಇಂದಿನದಲ್ಲ. ಅಮೆರಿಕದ ಎರಡು ಪ್ರಕರಣಗಳು ಈ ಕುರಿತು ನನ್ನನ್ನು ಬಹುವಾಗಿ ಯೋಚಿಸುವಂತೆ ಮಾಡಿವೆ.

ಹಾಸ್ಯಗಾರ ಲೆನ್ನಿ ಬ್ರೂಸ್ ಅವರನ್ನು 1964ರಲ್ಲಿ ನ್ಯೂಯಾರ್ಕಿನ ಕೆಫೆಯೊಂದರಲ್ಲಿ ಆಡಿದ ಮಾತುಗಳಿಗಾಗಿ ಬಂಧಿಸಲಾಯಿತು. ಅಲ್ಲಿ ನೆರೆದವರು ಅವರ ಮಾತು ಕೇಳಲೆಂದೇ ಬಂದಿದ್ದರು. ಆದರೂ ನ್ಯಾಯಾಲಯ ನಾಲ್ಕು ತಿಂಗಳ ಸಜೆ ವಿಧಿಸಿತು. ಮೇಲ್ಮನವಿ ತೀರ್ಮಾನವಾಗುವ ಮೊದಲೇ, 1966ರಲ್ಲಿ, ನಲವತ್ತನೆಯ ವಯಸ್ಸಿಗೆ ಬ್ರೂಸ್ ತೀರಿಕೊಂಡರು. ರಾಜ್ಯದ ಗವರ್ನರು ಅವರಿಗೆ ಕ್ಷಮಾದಾನವಿತ್ತದ್ದು 2003ರಲ್ಲಿ! ಸತ್ತವನಿಗೆ ಕ್ಷಮೆಯಿಂದೇನು ಪ್ರಯೋಜನ?

ಎರಡನೆಯದು ಜಾರ್ಜ್ ಕಾರ್ಲಿನ್ ಅವರದು. ರೇಡಿಯೋದಲ್ಲಿ ಉಚ್ಚರಿಸಲಾಗದ ಪದಗಳನ್ನೇ ವಸ್ತುವಾಗಿಸಿಕೊಂಡ ಅವರ ಧ್ವನಿಮುದ್ರಿಕೆಯನ್ನು 1973ರಲ್ಲಿ ನ್ಯೂಯಾರ್ಕಿನ ಬಾನುಲಿ ಕೇಂದ್ರವೊಂದು ಮಧ್ಯಾಹ್ನ ಎರಡು ಗಂಟೆಗೆ ಬಿತ್ತರಿಸಿತು. ಮಗನೊಡನೆ ಕಾರಿನಲ್ಲಿ ಅದನ್ನು ಕೇಳಿದ ತಂದೆಯೊಬ್ಬರು ದೂರಿತ್ತರು. ಮಕ್ಕಳು ಕೇಳುತ್ತಿರಬಹುದಾದ ವೇಳೆಯಲ್ಲಿ ಇಂಥ ಪ್ರಸಾರವನ್ನು ನಿಯಂತ್ರಿಸಬಹುದೆಂದು ಸುಪ್ರೀಂ ಕೋರ್ಟು 1978ರಲ್ಲಿ 5–4ರ ಬಹುಮತದಿಂದ ತೀರ್ಪಿತ್ತಿತು.

ಬ್ರೂಸ್ ಅವರ ಶ್ರೋತೃಗಳು ಒಪ್ಪಿ ಬಂದವರು. ಆ ಬಾಲಕನನ್ನು ಯಾರೂ ಕೇಳಿರಲಿಲ್ಲ. ನನ್ನ ದೃಷ್ಟಿಯಲ್ಲಿ ನ್ಯಾಯ ಅನ್ಯಾಯಗಳ ಗೆರೆ ಇರುವುದು ಇಲ್ಲಿಯೇ.

ಅಂತರಜಾಲ ಈ ಗೆರೆಯನ್ನು ಅಳಿಸಿತು. 2014ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಟಿಕೆಟ್ ಕೊಂಡವರೆದುರು ನಡೆದ ‘ಎಐಬಿ ನಾಕೌಟ್’ ಯೂಟ್ಯೂಬಿಗೇರಿದ ಮೇಲೆ, 2015ರಲ್ಲಿ, ಪೊಲೀಸು ಪ್ರಕರಣಗಳು ದಾಖಲಾದವು. ಅಸಭ್ಯ ಮಾತು ನನಗೆ ರುಚಿಸದು. ಆದರೆ ಒಪ್ಪಿ ಕೇಳುವವರೆದುರು ಆಡಿದ್ದಕ್ಕೆ ಸೆರೆಮನೆ ಸಲ್ಲದು. ಒಪ್ಪದವರ ಮನೆಯೊಳಕ್ಕೆ, ಮಕ್ಕಳ ಕಿವಿಗೆ ಅದು ನುಗ್ಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಆಡುವವರದೂ ಬಿತ್ತರಿಸುವವರದೂ ಹೌದು.