ಬೆಟ್ಟದ ಸಂಪುಟ ಸಭೆ ಮತ್ತು ಒಬ್ಬರೇ ಸಚಿವೆ: ಹನೂರು ಸೀಮೆಯಿಂದ ಕಂಡ ಮಹಿಳಾ ನಾಯಕತ್ವ

2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೇರಿತು. ಆಗ ಮುಖ್ಯ ಕಾರ್ಯದರ್ಶಿ ಶಾಲಿನಿ ರಜನೀಶ್. ಜಿಲ್ಲಾಧಿಕಾರಿ ಶಿಲ್ಪಾ ನಾಗ್. ಸಂಪುಟದಲ್ಲಿದ್ದ ಸಚಿವೆ ಮಾತ್ರ ಲಕ್ಷ್ಮೀ ಹೆಬ್ಬಾಳಕರ್ ಒಬ್ಬರೇ. ತೆರೇಸಾ ಭಟ್ಟಾಚಾರ್ಯ ಅವರಿಂದ ಮೊದಲ್ಗೊಂಡು ಹಲವು ಮಹಿಳೆಯರು ಮುಖ್ಯ ಕಾರ್ಯದರ್ಶಿಗಳಾಗಿದ್ದಾರೆ, ಮುಖ್ಯಮಂತ್ರಿಯಾದವರು ಒಬ್ಬರೂ ಇಲ್ಲ. ಬೆಟ್ಟದ ಕ್ಷೇತ್ರಾಭಿವೃದ್ಧಿ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರಾದ್ದರಿಂದ ಆ ಪೀಠವೂ ಹೆಣ್ಣಿಗೆ ದಕ್ಕಿಲ್ಲ. ಪರೀಕ್ಷೆ ಬರೆದು ಏರುವ ದಾರಿ ತೆರೆದಿದೆ. ಪಕ್ಷದ ಟಿಕೆಟ್ ಪಡೆದು ಏರಬೇಕಾದ ದಾರಿ ತೆರೆದಿಲ್ಲ.

ಹಳ್ಳಿಯ ಮತದಾರ ಹೆಣ್ಣನ್ನು ಒಪ್ಪುವುದಿಲ್ಲ ಎಂಬ ವಾದವನ್ನು ಈ ಜಿಲ್ಲೆಯ ಇತಿಹಾಸವೇ ಅಲ್ಲಗಳೆಯುತ್ತದೆ. ಗುಂಡ್ಲುಪೇಟೆ ಕೆ.ಎಸ್. ನಾಗರತ್ನಮ್ಮನವರನ್ನು ಏಳು ಬಾರಿ ವಿಧಾನಸಭೆಗೆ ಕಳಿಸಿತು. 1972ರಿಂದ 1978ರವರೆಗೆ ಅವರು ಸಭಾಧ್ಯಕ್ಷೆ. ಅವರ ನಂತರ ಆ ಸ್ಥಾನಕ್ಕೆ ಮತ್ತೊಬ್ಬ ಮಹಿಳೆ ಬರಲಿಲ್ಲ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು 10. ಅಡ್ಡಿಯನ್ನು ಮತಗಟ್ಟೆಯಲ್ಲಿ ಹುಡುಕುವುದು ತಪ್ಪು. ಅದು ಅಭ್ಯರ್ಥಿಯನ್ನು ಆರಿಸುವ ಕೋಣೆಯಲ್ಲಿದೆ.

ಆ ಕೋಣೆಯ ಬಾಗಿಲು ತೆರೆಯುವುದು ಯಾವಾಗ? ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. 2004ರಲ್ಲಿ ಪತ್ನಿ ಪರಿಮಳಾ ನಾಗಪ್ಪ ಹನೂರಿನ ಶಾಸಕಿಯಾದರು. 2008ರಲ್ಲಿ ಕ್ಷೇತ್ರ ಆರ್. ನರೇಂದ್ರ ಅವರ ಪಾಲಾಯಿತು; ಆಮೇಲೆ ಹನೂರಿಗೆ ಶಾಸಕಿ ಇಲ್ಲ. ಗುಂಡ್ಲುಪೇಟೆಯಲ್ಲೂ ಹಾಗೆಯೇ: ಎಚ್.ಎಸ್. ಮಹದೇವಪ್ರಸಾದ್ 2017ರ ಜನವರಿಯಲ್ಲಿ ತೀರಿಕೊಂಡರು, ಏಪ್ರಿಲ್ ಉಪಚುನಾವಣೆಯಲ್ಲಿ ಪತ್ನಿ ಗೀತಾ ಮಹದೇವಪ್ರಸಾದ್ ಗೆದ್ದರು, ಸೆಪ್ಟೆಂಬರ್‌ನಲ್ಲಿ ಸಚಿವೆಯಾದರು, 2018ರಲ್ಲಿ ಸೋತರು. ಇಬ್ಬರ ಸಾಮರ್ಥ್ಯವನ್ನೂ ನಾನು ಕಿರಿದಾಗಿಸುತ್ತಿಲ್ಲ. ಗಂಡ ಬದುಕಿದ್ದಾಗ ಇವರನ್ನು ಅಭ್ಯರ್ಥಿಯಾಗಿ ಕಾಣದ ಪಕ್ಷಗಳು ಗಂಡ ಸತ್ತಮೇಲೆ ಕಂಡವು. ಆ ಕ್ರೌರ್ಯವನ್ನು ಹೇಳದೆ ಬಿಡಲಾಗದು.

ಬೆಟ್ಟದ ದೈವ ಮಾದಪ್ಪನ, ಅಂದರೆ ಮಹದೇಶ್ವರನ, ಜನಪದ ಕಾವ್ಯದ ಸಂಕಮ್ಮನನ್ನು ಇಲ್ಲಿ ನೆನೆಯಬೇಕು. ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಅವಳು ಭಾಷೆ ಕೊಡಲೊಪ್ಪುವುದಿಲ್ಲ. ಅವನು ಹಿಂಸಿಸಿ ಕೂಡಿಹಾಕುತ್ತಾನೆ. ಮಾದಪ್ಪನ ಭಕ್ತ ಗಾಯಕರಾದ ಕಂಸಾಳೆಯವರು ಹಾಡುವ ಈ ಕಥೆಯಲ್ಲಿ ದೈವ ನಿಲ್ಲುವುದು ಸಂಕಮ್ಮನ ಪಕ್ಷದಲ್ಲಿ. ಆದರೂ ಒಂಟಿ ಹೆಣ್ಣನ್ನು ಕುರಿತ ನೀಲೇಗೌಡನ ಗುಮಾನಿ ರಾಜಕಾರಣದಲ್ಲಿ ಜೀವಂತವಾಗಿದೆ. ರಾತ್ರಿ ಸಭೆ, ಕಾಡಂಚಿನ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಓಡಾಟ, ಬೆಂಗಳೂರಿನಲ್ಲಿ ವಾಸ್ತವ್ಯ: ಗಂಡಸಿಗೆ ಇವು ಜನಸೇವೆ, ಹೆಂಗಸಿಗೆ ನಡತೆಯ ಪ್ರಶ್ನೆ. ವಿಧವೆಗೆ ಮಾತ್ರ ಗಂಡನ ಹೆಸರು ರಕ್ಷೆಯಾಗಿ ಬರುತ್ತದೆ.

ಕರ್ನಾಟಕ 1987ರ ಚುನಾವಣೆಯಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. ಇಂದು ಪಂಚಾಯಿತಿಗಳಲ್ಲಿ ಅದು ಶೇ. 50. ಹನೂರು, ಕೊಳ್ಳೇಗಾಲ, ಯಳಂದೂರಿನ ಪಂಚಾಯಿತಿಗಳಲ್ಲಿ ಆಡಳಿತ ಕಲಿತ ಹೆಂಗಸರಿಗೆ ವಿಧಾನಸಭೆಯ ಮೆಟ್ಟಿಲು ಕಾಣುವುದಿಲ್ಲ. ಸರದಿಯ ಮೀಸಲು ಬದಲಾದೊಡನೆ ಅವರು ಮನೆಗೆ ಮರಳುತ್ತಾರೆ. 2023ರ 106ನೇ ಸಂವಿಧಾನ ತಿದ್ದುಪಡಿ ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಕೊಟ್ಟಿತಾದರೂ ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಗಂಟುಹಾಕಿತು. ಅಲ್ಲೂ ಸ್ಥಾನಗಳು ಸರದಿಯವೇ. ಸಂಪುಟಕ್ಕೆ ಯಾವ ಮೀಸಲೂ ಇಲ್ಲ. ಅಲ್ಲಿ ಯಾರು ಕೂರಬೇಕೆಂಬುದು ಈಗಲೂ ಮುಖ್ಯಮಂತ್ರಿ ಮತ್ತು ಪಕ್ಷದ ವರಿಷ್ಠರ ಆಯ್ಕೆ.