ತಂತಿಯಿಲ್ಲದ ಕಿವಿಮಾತು: ಹೆಡ್‌ಫೋನ್ ಜೋಡಣೆಯ ಇತಿಹಾಸ

ಯಾಪಲದಿನ್ನಿಯಿಂದ ರಾಯಚೂರಿಗೆ ಹೊರಟ ಬೆಳಗಿನ ಬಸ್ಸೊಂದನ್ನು ಊಹಿಸಿಕೊಳ್ಳಿ. ಕಾಲೇಜಿಗೆ ಹೋಗುವ ಹತ್ತಾರು ಹುಡುಗ ಹುಡುಗಿಯರ ಕಿವಿಯಲ್ಲಿ ತಂತಿಯಿಲ್ಲದ ಹೆಡ್‌ಫೋನ್‌ಗಳಿವೆ. ಒಬ್ಬಳು ಪಾಠ ಕೇಳುತ್ತಿದ್ದಾಳೆ, ಇನ್ನೊಬ್ಬ ಸಿನಿಮಾ ಹಾಡು ಕೇಳುತ್ತಿದ್ದಾನೆ, ಹಿಂದಿನ ಸೀಟಿನವನಿಗೆ ಕ್ರಿಕೆಟ್ ವೀಕ್ಷಕ ವಿವರಣೆ ಬೇಕು. ಎಲ್ಲ ಫೋನುಗಳೂ ಒಂದೇ ತರಂಗಪಟ್ಟಿಯನ್ನು ಬಳಸುತ್ತಿವೆ. ಆದರೂ ಒಬ್ಬರ ಹಾಡು ಮತ್ತೊಬ್ಬರ ಕಿವಿಗೆ ಬೀಳುವುದಿಲ್ಲ. ಇದು ಹೇಗೆ?

ತಂತಿ ಇದ್ದಾಗ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಏಕೆಂದರೆ ಆ ತಂತಿ ಸದ್ದಿಲ್ಲದೆ ಎರಡು ಕೆಲಸ ಮಾಡುತ್ತಿತ್ತು. ಶಬ್ದದ ಸಂಕೇತವನ್ನು ಒಯ್ಯುವುದು ಒಂದು. ಯಾವ ಹೆಡ್‌ಫೋನ್ ಯಾವ ಪೆಟ್ಟಿಗೆಗೆ ಸೇರಿದ್ದು ಎಂದು ತೋರಿಸುವುದು ಇನ್ನೊಂದು. ಮೊದಲ ಕೆಲಸವನ್ನು ರೇಡಿಯೋ ತರಂಗಗಳು ನೂರು ವರ್ಷಗಳ ಹಿಂದೆಯೇ ವಹಿಸಿಕೊಂಡವು. ಎರಡನೆಯದಕ್ಕೆ ಗಣಿತವನ್ನು ಕರೆತರಬೇಕಾಯಿತು. ನಾವು ಪೇರಿಂಗ್, ಅಂದರೆ ಜೋಡಣೆ, ಎಂದು ಕರೆಯುವುದು ಇದನ್ನೇ.

ಕೇಳುವವರೆಲ್ಲರ ಆಕಾಶ

ರೇಡಿಯೋ ಮತ್ತು ಹೆಡ್‌ಫೋನ್‌ಗಳ ನಂಟು ಹಳೆಯದು. ಗೆಲೀನಾ ಎಂಬ ಸೀಸದ ಅದುರಿನ ಹರಳು ವಿದ್ಯುತ್ಕಾಂತೀಯ ತರಂಗಗಳನ್ನು ಪತ್ತೆಮಾಡಬಲ್ಲದೆಂದು ತೋರಿಸಿದವರು ಜಗದೀಶ ಚಂದ್ರ ಬೋಸ್. 1901ರಲ್ಲಿ ಸಲ್ಲಿಸಿದ ಅರ್ಜಿಗೆ ಅಮೆರಿಕದ ಪೇಟೆಂಟ್ 1904ರಲ್ಲಿ ದೊರೆಯಿತು. ಮುಂದೆ ಬಂದ ಹರಳಿನ ರೇಡಿಯೋಗಳಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಆಂಟೆನಾ ಹಿಡಿದ ಅತ್ಯಲ್ಪ ಶಕ್ತಿಯಿಂದಲೇ ಅವು ಕೆಲಸ ಮಾಡುತ್ತಿದ್ದವು. ಆ ಶಕ್ತಿ ಧ್ವನಿವರ್ಧಕಕ್ಕೆ ಸಾಲದು. ಕಿವಿಗೆ ಒತ್ತಿ ಹಿಡಿದ ಹೆಡ್‌ಫೋನ್‌ಗೆ ಸಾಕು. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ಅಂಥ ಸೂಕ್ಷ್ಮ ಹೆಡ್‌ಫೋನ್‌ಗಳನ್ನು ತಯಾರಿಸಿ ಅಲ್ಲಿನ ನೌಕಾಪಡೆಗೆ ಒದಗಿಸಿದರು.

ಕನ್ನಡ ನಾಡಿನಲ್ಲಿ ಈ ಕಥೆ ಮೈಸೂರಿನಿಂದ ಶುರುವಾಗುತ್ತದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಆಗ ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯೂ 1930ರ ದಶಕದಲ್ಲೇ ಬಾನುಲಿ ಪ್ರಸಾರ ಆರಂಭವಾಯಿತು. ‘ಡೆಕ್ಕನ್ ರೇಡಿಯೋ’ ಎನಿಸಿಕೊಂಡ ಆ ಕೇಂದ್ರ 1950ರಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಗೋಪಾಲಸ್ವಾಮಿಯವರ ಪ್ರೇಷಕಕ್ಕೆ ತನ್ನನ್ನು ಯಾರು ಕೇಳುತ್ತಿದ್ದಾರೆಂಬುದು ಗೊತ್ತಾಗುವಂತಿರಲಿಲ್ಲ. ಕೇಳುಗನ ಗುರುತು ಬೇಕಾದದ್ದು ಸರ್ಕಾರಕ್ಕೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದೇ ಅಪರಾಧ. ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕೇಳುವುದಕ್ಕಾಗಿ ಕಟ್ಟಬೇಕಿದ್ದ ಈ ಶುಲ್ಕ ರದ್ದಾದದ್ದು 1980ರ ದಶಕದಲ್ಲಿ. ಪ್ರಸಾರ ಮಾಡುವುದಕ್ಕೆ ಪರವಾನಗಿ ಬೇಕೆಂಬ ನಿಯಮ ಮಾತ್ರ ಹಾಗೆಯೇ ಉಳಿಯಿತು. ತಂತಿಯಿಲ್ಲದ ಹೆಡ್‌ಫೋನ್‌ಗೆ ಹಾಡು ಕಳಿಸುವ ಫೋನು ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ಪುಟ್ಟ ಪ್ರಸಾರ ಕೇಂದ್ರವೇ ಎಂಬುದನ್ನು ಮರೆಯಬಾರದು.

ಪರವಾನಗಿ ಬೇಡದ ಪಟ್ಟಿ

ಮೈಕ್ರೋವೇವ್ ಒಲೆಗಳು ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಆವೃತ್ತಿಯಲ್ಲಿ. ಇಂಥ ಉಪಕರಣಗಳ ಸದ್ದುಗದ್ದಲದಿಂದಾಗಿ ಗಂಭೀರ ಸಂಪರ್ಕಕ್ಕೆ ಯೋಗ್ಯವಲ್ಲವೆಂದು ಎಣಿಸಿದ್ದ ಜಾಗ ಅದು. ಒಂದರ್ಥದಲ್ಲಿ ತರಂಗಗಳ ಗೋಮಾಳ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಅಲ್ಲಿ ಪರವಾನಗಿ ಇಲ್ಲದೆ ಪ್ರಸಾರ ಮಾಡಲು ಅವಕಾಶ ಕೊಟ್ಟಿತು. ಷರತ್ತು ಇಷ್ಟೇ: ಸಂಕೇತವನ್ನು ಒಂದೇ ಆವೃತ್ತಿಯಲ್ಲಿ ಕೂರಿಸದೆ ಪಟ್ಟಿಯುದ್ದಕ್ಕೂ ಹರಡಬೇಕು. ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಮುಕ್ತಗೊಳಿಸಿದ ನಿಯಮಗಳು ಹೊರಬಂದದ್ದು 2005ರ ಜನವರಿಯಲ್ಲಿ. ನಮ್ಮ ಹೆಡ್‌ಫೋನ್ ಚರಿತ್ರೆಯಲ್ಲಿ ಯಾವ ಉಪಕರಣದ ಬಿಡುಗಡೆಗಿಂತಲೂ ಈ ಅಧಿಸೂಚನೆಯೇ ಮುಖ್ಯ ಎಂದು ನನ್ನ ಎಣಿಕೆ.

ಗೋಮಾಳದಲ್ಲಿ ಎಲ್ಲರ ದನಗಳೂ ಮೇಯುತ್ತವೆ. ಅಲ್ಲಿ ಒಬ್ಬರಿಗೊಬ್ಬರು ಅಡ್ಡಬಾರದಂತೆ ಇರುವ ಉಪಾಯ ಆವೃತ್ತಿ ಜಿಗಿತ. 1942ರಲ್ಲಿ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಪಡೆದ ಪೇಟೆಂಟಿನಲ್ಲಿ ಪ್ರೇಷಕವೂ ಗ್ರಾಹಕವೂ ಒಟ್ಟಿಗೆ 88 ಆವೃತ್ತಿಗಳ ನಡುವೆ ಜಿಗಿಯುವ ಏರ್ಪಾಡಿತ್ತು. ಪಿಯಾನೋದ ಮನೆಗಳೂ 88 ಎಂಬುದು ಆಕಸ್ಮಿಕವಲ್ಲ. ಶತ್ರುಗಳು ಟಾರ್ಪೆಡೊವನ್ನು ದಾರಿ ತಪ್ಪಿಸದಿರಲಿ ಎಂಬುದು ಅವರ ಉದ್ದೇಶ. ಬ್ಲೂಟೂತನ್ನು ಕಂಡುಹಿಡಿದವರೇ ಲಮಾರ್ ಎಂದು ಕೆಲವರು ಬರೆಯುತ್ತಾರೆ, ಅದು ಉತ್ಪ್ರೇಕ್ಷೆ. ಜಿಗಿತದ ಕಲ್ಪನೆ ಅವರಿಗಿಂತ ಹಿಂದಿನದು, ಬ್ಲೂಟೂತ್ ಅರ್ಧ ಶತಮಾನ ಈಚಿನದು.

1994ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿಯ ಯಾಪ್ ಹಾರ್ಟ್‌ಸೆನ್ ಮತ್ತು ಸ್ವೆನ್ ಮ್ಯಾಟಿಸನ್ ಮೊಬೈಲ್ ಫೋನಿನ ತಂತಿಗಳನ್ನು ತೆಗೆದುಹಾಕುವ ಕೆಲಸಕ್ಕೆ ಕೈಹಾಕಿದರು. ಅವರು ಪಟ್ಟಿಯನ್ನು 1 ಮೆಗಾಹರ್ಟ್ಸ್ ಅಗಲದ 79 ಚಾನೆಲ್‌ಗಳಾಗಿ ವಿಭಾಗಿಸಿದರು. ಫೋನು ಮತ್ತು ಹೆಡ್‌ಫೋನ್ ಸೆಕೆಂಡಿಗೆ 1600 ಬಾರಿ ಚಾನೆಲ್ ಬದಲಿಸುತ್ತವೆ. ಒಂದೊಂದರಲ್ಲಿ ನಿಲ್ಲುವುದು 625 ಮೈಕ್ರೋಸೆಕೆಂಡ್ ಮಾತ್ರ. ಜಿಗಿತದ ಕ್ರಮ ಫೋನಿನ 48 ಬಿಟ್‌ಗಳ ವಿಳಾಸ ಮತ್ತು ಅದರ ಗಡಿಯಾರದಿಂದ ನಿರ್ಧಾರವಾಗುತ್ತದೆ. ಪಕ್ಕದ ಸೀಟಿನ ಫೋನಿನ ಕ್ರಮ ಬೇರೆ. ಎರಡೂ ಒಂದೇ ಚಾನೆಲ್‌ನಲ್ಲಿ ಎದುರಾಗುವುದು ಅಪರೂಪ, ಎದುರಾದರೂ ನಷ್ಟ ಕ್ಷಣಿಕ. 1998ರಲ್ಲಿ ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ ಮತ್ತು ತೋಷಿಬಾ ಕೂಡಿ ಬ್ಲೂಟೂತ್ ಒಕ್ಕೂಟ ಕಟ್ಟಿದವು. ಮೊದಲ ನಿರ್ದಿಷ್ಟಮಾನ ಪ್ರಕಟವಾದದ್ದು 1999ರಲ್ಲಿ. ಹೆಸರು ಮಾತ್ರ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನದು.

ನಾಲ್ಕು ಸೊನ್ನೆಗಳ ಕಾಲ

ಜಿಗಿತದಿಂದ ಡಿಕ್ಕಿ ತಪ್ಪಿತು, ಗುರುತಿನ ಸಮಸ್ಯೆ ಉಳಿಯಿತು. ಹೆಡ್‌ಫೋನಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದಾಗ ಅದು ‘ನನ್ನನ್ನು ಹುಡುಕಬಹುದು’ ಎಂಬ ಸ್ಥಿತಿಗೆ ಬರುತ್ತದೆ. ಫೋನು 32 ಆವೃತ್ತಿಗಳಲ್ಲಿ ಕೂಗು ಹಾಕುತ್ತದೆ. ಹೆಡ್‌ಫೋನ್ ತನ್ನ ವಿಳಾಸ ಹೇಳಿ ಓಗೊಡುತ್ತದೆ. ಎರಡೂ ಸೇರಿ 128 ಬಿಟ್‌ಗಳ ಒಂದು ರಹಸ್ಯ ಕೀಲಿಯನ್ನು ರಚಿಸಿಕೊಂಡು ತಮ್ಮ ತಮ್ಮ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಪೇರಿಂಗ್ ಎಂದರೆ ಇದೇ. ಮರುದಿನದಿಂದ ನಡೆಯುವುದು ಬರೀ ಸಂಪರ್ಕ: ಒಂದು ಉಪಕರಣ ಯಾದೃಚ್ಛಿಕ ಸಂಖ್ಯೆಯೊಂದನ್ನು ಕಳಿಸುತ್ತದೆ, ಇನ್ನೊಂದು ಕೀಲಿಯಿಂದ ಲೆಕ್ಕ ಮಾಡಿ ಉತ್ತರಿಸುತ್ತದೆ, ಉತ್ತರ ಸರಿಯಿದ್ದರೆ ಹಾಡು ಶುರು. ಹೆಂಡತಿಯೋ ಗಂಡನೋ ಮನೆಗೆ ಬಂದಾಗಲೆಲ್ಲ ಮತ್ತೆ ಮದುವೆಯಾಗಬೇಕಿಲ್ಲವಷ್ಟೆ!

ಆರಂಭದ ವರ್ಷಗಳಲ್ಲಿ ಈ ಕೀಲಿಯನ್ನು ಪಿನ್ ಸಂಖ್ಯೆಯಿಂದ ತಯಾರಿಸುತ್ತಿದ್ದರು. ಹೆಡ್‌ಫೋನಿಗೆ ಅಂಕಿ ಒತ್ತುವ ಮನೆಗಳಿಲ್ಲ. ಹಾಗಾಗಿ ತಯಾರಕರೇ ಒಂದು ಸಂಖ್ಯೆಯನ್ನು ತುಂಬಿ ಕಳಿಸುತ್ತಿದ್ದರು. ಬಹುಪಾಲು ಅದು 0000. ಇದು ಎಲ್ಲ ಮನೆಗೂ ಒಂದೇ ಬೀಗದ ಕೈ ಕೊಟ್ಟಂತೆ. ಪಿನ್ ಬದಲಿಸಿದರೂ ನಾಲ್ಕಂಕಿಯಲ್ಲಿ ಸಾಧ್ಯವಿರುವುದು 10,000 ಸಂಖ್ಯೆಗಳು ಮಾತ್ರ. 2005ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾನಿವ್ ಶಾಕೆಡ್ ಮತ್ತು ಅವಿಶಾಯ್ ವೂಲ್, ಜೋಡಣೆಯ ಸಂಕೇತಗಳನ್ನು ಕದ್ದಾಲಿಸಿದವನು ಸಾಧಾರಣ ಕಂಪ್ಯೂಟರಿನಿಂದ ನಾಲ್ಕಂಕಿಯ ಪಿನ್ನನ್ನು ಅರ್ಧ ಸೆಕೆಂಡಿಗೂ ಕಡಮೆ ಅವಧಿಯಲ್ಲಿ ಕಂಡುಹಿಡಿಯಬಹುದೆಂದು ತೋರಿಸಿದರು. ಮಾತಾಡುವ ಹೆಡ್‌ಸೆಟ್‌ನಲ್ಲಿ ಮೈಕ್ ಕೂಡ ಇರುತ್ತದೆ. ಕೀಲಿ ಪರರ ಕೈಗೆ ಹೋದರೆ ಹೋಗುವುದು ಹಾಡೊಂದೇ ಅಲ್ಲ, ಮನೆಯ ಮಾತೂ ಹೋಗುತ್ತದೆ.

ಪರಿಹಾರ 2007ರಲ್ಲಿ ಬ್ಲೂಟೂತ್ 2.1ರೊಡನೆ ಬಂತು. ಅದರ ತಳದಲ್ಲಿರುವುದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ ಚಮತ್ಕಾರ: ಎಲ್ಲರೂ ಕೇಳುವಂತೆ ಮಾತಾಡಿಯೂ ಇಬ್ಬರು ಗುಟ್ಟೊಂದನ್ನು ಹಂಚಿಕೊಳ್ಳಬಹುದು. ಸಣ್ಣ ಸಂಖ್ಯೆಗಳಲ್ಲಿ ಮಾಡಿ ನೋಡೋಣ. 3 ಮತ್ತು 17 ಎಂಬ ಸಂಖ್ಯೆಗಳು ಎಲ್ಲರಿಗೂ ಗೊತ್ತು. ಫೋನು 6 ಎಂಬ ಗುಟ್ಟನ್ನು ಇಟ್ಟುಕೊಂಡು, 3ರ 6ನೇ ಘಾತವನ್ನು (729) 17ರಿಂದ ಭಾಗಿಸಿ ಶೇಷ 15ನ್ನು ಕಳಿಸುತ್ತದೆ. ಹೆಡ್‌ಫೋನಿನ ಗುಟ್ಟು 7. 3ರ 7ನೇ ಘಾತದಿಂದ (2187) ಬಂದ ಶೇಷ 11ನ್ನು ಅದು ಕಳಿಸುತ್ತದೆ. ಈಗ ಫೋನು 11ರ 6ನೇ ಘಾತವನ್ನು 17ರಿಂದ ಭಾಗಿಸಿದರೆ ಶೇಷ 8. ಹೆಡ್‌ಫೋನ್ 15ರ 7ನೇ ಘಾತವನ್ನು ಭಾಗಿಸಿದರೂ ಶೇಷ 8! ಕದ್ದು ಕೇಳಿದವನಿಗೆ ಸಿಕ್ಕಿದ್ದು 15 ಮತ್ತು 11 ಮಾತ್ರ. ಇಷ್ಟು ಸಣ್ಣ ಲೆಕ್ಕವನ್ನು ಅವನು ಕೂತು ಬಿಡಿಸಬಹುದು. ಬ್ಲೂಟೂತ್ ಇದೇ ತಂತ್ರವನ್ನು ದೀರ್ಘವೃತ್ತೀಯ ವಕ್ರರೇಖೆಗಳ ಮೇಲೆ 192 ಬಿಟ್‌ಗಳ, ಮುಂದೆ 256 ಬಿಟ್‌ಗಳ ಸಂಖ್ಯೆಗಳೊಡನೆ ಮಾಡುತ್ತದೆ.

ಆದರೂ ಒಂದು ಬಿರುಕು ಉಳಿದಿದೆ. ಎರಡು ಫೋನುಗಳು ಜೋಡಿಯಾಗುವಾಗ ಎರಡರ ಪರದೆಯಲ್ಲೂ ಒಂದೇ ಆರಂಕಿಯ ಸಂಖ್ಯೆ ಮೂಡಿದೆಯೇ ಎಂದು ನಾವು ನೋಡಿ ಒಪ್ಪಿಗೆ ಕೊಡುತ್ತೇವೆ. ನಡುವೆ ನುಸುಳಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಹೆಡ್‌ಫೋನಿಗೆ ಪರದೆಯೇ ಇಲ್ಲ. ಅದಕ್ಕಾಗಿ ಈ ಪರೀಕ್ಷೆಯನ್ನು ಬಿಟ್ಟ ‘ಜಸ್ಟ್ ವರ್ಕ್ಸ್’ ಎಂಬ ವಿಧಾನವಿದೆ. 2019ರಲ್ಲಿ ಕೀಲಿಯ ಬಲವನ್ನು 16 ಬೈಟ್‌ಗಳಿಂದ ಒಂದೇ ಬೈಟಿಗೆ ಇಳಿಸಬಲ್ಲ ದಾಳಿಯೊಂದು ಬೆಳಕಿಗೆ ಬಂತು. 2025ರ ಜೂನ್‌ನಲ್ಲಿ ಜರ್ಮನಿಯ ಸಂಶೋಧಕರು, ಹಲವು ಕಂಪನಿಗಳ ಹೆಡ್‌ಫೋನ್‌ಗಳಲ್ಲಿರುವ ಒಂದು ಜಾತಿಯ ಚಿಪ್ಪಿನ ಸ್ಮೃತಿಯನ್ನು ಪೇರಿಂಗ್ ಇಲ್ಲದೆಯೇ ಓದಿ ಕೀಲಿಯನ್ನು ಕದಿಯಬಹುದೆಂದು ತೋರಿಸಿದರು. ಹೆಡ್‌ಫೋನಿನ ತಂತ್ರಾಂಶವನ್ನು ಆಗಾಗ ನವೀಕರಿಸಬೇಕು ಎನ್ನುವುದು ಇದಕ್ಕಾಗಿ. ಹಳೆಯ ಹೆಡ್‌ಫೋನನ್ನು ಮಾರುವಾಗ ಅದರ ಪೇರಿಂಗ್ ಪಟ್ಟಿಯನ್ನು ಅಳಿಸಿ, ಫೋನಿನಲ್ಲಿಯೂ ಅದನ್ನು ಮರೆತುಬಿಡುವಂತೆ ಒತ್ತುವುದೂ ಒಳ್ಳೆಯದು.

ಬೆಂಗಳೂರಿನ ಪಾಲು

ಆವೃತ್ತಿ ಜಿಗಿಯುವ ರೇಡಿಯೋ ಬೆಂಗಳೂರಿಗೆ ಅಪರಿಚಿತವಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸೇನೆಗಾಗಿ ಅಂಥ ಸೆಟ್‌ಗಳನ್ನು ತಯಾರಿಸಿದೆ. ಬ್ಲೂಟೂತ್ ಬಂದಾಗ ಇಲ್ಲಿನ ಎಂಜಿನಿಯರುಗಳು ಹಿಡಿದ ದಾರಿ ಬೇರೆ: ತಂತ್ರಾಂಶದ್ದು. ಚಿಪ್ಪು ಜಿಗಿಯುತ್ತದೆ, ನಿಜ. ಆದರೆ ಹುಡುಕುವುದು, ಜೋಡಿಸುವುದು, ಶಬ್ದವನ್ನು ಪೊಟ್ಟಣ ಕಟ್ಟುವುದು ಇವೆಲ್ಲ ಒಂದರ ಮೇಲೊಂದು ಕೂತ ತಂತ್ರಾಂಶದ ಪದರಗಳ ಕೆಲಸ. ಬೇರೆ ಬೇರೆ ಕಂಪನಿಗಳ ಉಪಕರಣಗಳು ಪರಸ್ಪರ ಮಾತಾಡದಿದ್ದರೆ ಮೂಲ ಉದ್ದೇಶವೇ ಕೆಟ್ಟಿತು. 1999ರಲ್ಲಿ ಆರಂಭವಾದ ಬೆಂಗಳೂರಿನ ಮೈಂಡ್‌ಟ್ರೀ ಇಂಥ ಪದರಗಳನ್ನು ‘ಈಥರ್‌ಮೈಂಡ್’ ಎಂಬ ಹೆಸರಿನಲ್ಲಿ ರಚಿಸಿ ಹೊರದೇಶದ ತಯಾರಕರಿಗೆ ಕೊಟ್ಟಿತು. ಬೆಂಗಳೂರಿನದೇ ಆದ ಇಂಪಲ್ಸ್‌ಸಾಫ್ಟ್ ಇನ್ನೂ ಚಿಕ್ಕದು. ಅದು ಹಿಡಿದುಕೊಂಡದ್ದು ತಂತಿಯಿಲ್ಲದ ಸ್ಟೀರಿಯೋ ಸಂಗೀತವನ್ನು.

ಅದು ಸುಲಭದ ಕೆಲಸವಾಗಿರಲಿಲ್ಲ. ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎರಡು ಕಿವಿಗೆ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳಾದವು. ಅಂದಿನ ಬ್ಲೂಟೂತ್ ಒಂದು ದಿಕ್ಕಿಗೆ ಒಯ್ಯುತ್ತಿದ್ದುದು ಹೆಚ್ಚೆಂದರೆ 7,23,200. ಅದರಲ್ಲೂ ಕೆಲವು ಪೊಟ್ಟಣಗಳು ಹಾಳಾಗಿ ಮತ್ತೆ ಕಳಿಸಬೇಕು. ಎಡಬಲ ಕಿವಿಗಳ ತಾಳ ತಪ್ಪಬಾರದು. 2003ರಲ್ಲಿ ಬಂದ ಎ2ಡಿಪಿ ಎಂಬ ಏರ್ಪಾಡು ಶಬ್ದವನ್ನು ಎಂಟು ಉಪಪಟ್ಟಿಗಳಾಗಿ ಸೀಳಿ, ಕಿವಿಗೆ ಬೇಡದ ವಿವರಗಳನ್ನು ಬಿಟ್ಟು, ಸೆಕೆಂಡಿಗೆ ಸುಮಾರು 3,28,000 ಬಿಟ್‌ಗಳಿಗೆ ಇಳಿಸುವ ಕ್ರಮವನ್ನು ಎಲ್ಲರಿಗೂ ಸಾಮಾನ್ಯ ಮಾಡಿತು. 2006ರಲ್ಲಿ ಇಂಪಲ್ಸ್‌ಸಾಫ್ಟನ್ನು ಅಮೆರಿಕದ ಸರ್ಫ್ ಕಂಪನಿ ಕೊಂಡುಕೊಂಡಿತು. 2009ರಲ್ಲಿ ಸರ್ಫ್ ಕೂಡ ಬ್ರಿಟನ್ನಿನ ಬ್ಲೂಟೂತ್ ಚಿಪ್ ತಯಾರಕ ಸಿಎಸ್‌ಆರ್‌ನಲ್ಲಿ ಲೀನವಾಯಿತು. ಹೆಡ್‌ಫೋನಿನ ಮೇಲೆ ಇಂಥ ಊರುಗಳ ಹೆಸರು ಅಚ್ಚಾಗುವುದಿಲ್ಲ.

ಒಂದು ಕಿವಿ, ಮೂರು ಯಂತ್ರಗಳು

2016ರಲ್ಲಿ ಆಪಲ್ ಕಂಪನಿ ತನ್ನ ಫೋನಿನಿಂದ ಹೆಡ್‌ಫೋನ್ ತೂತನ್ನೇ ತೆಗೆದಿತು. ಇತರರು ಹಿಂಬಾಲಿಸಿದರು. ಫೋನು, ಟ್ಯಾಬ್ಲೆಟ್, ಕಂಪ್ಯೂಟರ್ ಮೂರಕ್ಕೂ ಒಂದೇ ಹೆಡ್‌ಫೋನ್ ಎಂಬುದು ವಾಡಿಕೆಯಾಯಿತು. ಹೆಡ್‌ಫೋನ್ ಹಲವು ಕೀಲಿಗಳನ್ನು ನೆನಪಿಡಬಲ್ಲದು. ಆದರೆ ಏಕಕಾಲಕ್ಕೆ ಸಂಪರ್ಕವಿರುವುದು ಒಂದರೊಡನೆ, ಕೆಲವು ಮಾದರಿಗಳಲ್ಲಿ ಎರಡರೊಡನೆ. ಫೋನಿನಲ್ಲಿ ಹೆಡ್‌ಫೋನ್ ‘ಸಿಗುತ್ತಿಲ್ಲ’ ಎನ್ನುವಾಗ ಅನೇಕ ವೇಳೆ ಪಕ್ಕದ ಕೋಣೆಯ ಕಂಪ್ಯೂಟರು ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ. ಕಂಪ್ಯೂಟರಿನಲ್ಲಿ ಕರೆ ಶುರುವಾದೊಡನೆ ಸಂಗೀತ ಹಳೆಯ ಟೆಲಿಫೋನಿನಂತೆ ಕೇಳಿಸುವುದಕ್ಕೂ ಕಾರಣವಿದೆ: ಮೈಕ್ ಬೇಕಾದಾಗ ಎ2ಡಿಪಿ ಬಿಟ್ಟು ಮಾತಿನ ಕಿರಿದಾದ ಮಾರ್ಗಕ್ಕೆ ಹೊರಳಬೇಕಾಗುತ್ತದೆ.

2020ರ ಬ್ಲೂಟೂತ್ 5.2ರಿಂದ ಇನ್ನೊಂದು ಬಾಗಿಲು ತೆರೆದಿದೆ. ಒಂದೇ ಪ್ರೇಷಕ ತನ್ನ ಸುತ್ತಲಿನ ಎಷ್ಟು ಹೆಡ್‌ಫೋನ್‌ಗಳಿಗೆ ಬೇಕಾದರೂ ಪೇರಿಂಗ್ ಇಲ್ಲದೆ ಶಬ್ದವನ್ನು ಬಿತ್ತರಿಸಬಹುದು. 2022ರಲ್ಲಿ ಇದಕ್ಕೆ ಆರಾಕಾಸ್ಟ್ ಎಂದು ಹೆಸರಿಟ್ಟರು. ಸಭಾಂಗಣದ ಭಾಷಣ, ರೈಲು ನಿಲ್ದಾಣದ ಪ್ರಕಟಣೆ ನೇರವಾಗಿ ಕಿವಿಗೆ ಬರುವುದರಿಂದ, ಶ್ರವಣ ಸಾಧನ ಬಳಸುವವರಿಗೆ ಸುತ್ತಲಿನ ಗದ್ದಲ ಅಡ್ಡಬರುವುದಿಲ್ಲ. ಬೇಕೆಂದರೆ ಗುಪ್ತಪದ ಹಾಕಿ ಆಯ್ದವರಿಗೆ ಮಾತ್ರ ಬಿತ್ತರಿಸಬಹುದು. ಬೇಡವೆಂದರೆ ಯಾರು ಕೇಳುತ್ತಿದ್ದಾರೆಂದು ಪ್ರೇಷಕಕ್ಕೆ ತಿಳಿಯುವುದೇ ಇಲ್ಲ, ಮೈಸೂರಿನ ಆ 30 ವ್ಯಾಟ್ ಯಂತ್ರಕ್ಕೆ ತಿಳಿಯದಿದ್ದಂತೆ.