ನಿಂತ ವಿಮಾನ, ಕೂತ ಹಕ್ಕಿ

ವಿಮಾನದ ಇತಿಹಾಸ ಬರೆದವರೆಲ್ಲ ಅದು ಹಾರಿದ ಕಥೆಯನ್ನೇ ಬರೆದಿದ್ದಾರೆ. ಯಾರು ಮೊದಲು ಹಾರಿದರು, ಎಷ್ಟು ದೂರ ಹಾರಿದರು, ಎಷ್ಟು ಗಂಟೆ ಹಾರಿದರು ಎಂದು ನಾನೂ ಹಲವು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಆದರೆ ಸಣ್ಣ ವಿಮಾನವೊಂದು ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆಯುವುದು ನೆಲದ ಮೇಲೆ ನಿಂತುಕೊಂಡೇ. ಹಾರುವಾಗ ಅದು ಹಕ್ಕಿಗೆ ಎದುರಾಳಿಯಿರಬಹುದು. ನಿಂತಾಗ ಮಾತ್ರ ಅದೊಂದು ಮರ, ಅದರಲ್ಲೂ ಪೊಟರೆಗಳಿರುವ ಮರ. ಬಯಲಿನಲ್ಲಿ ನಿಲ್ಲಿಸಿದ ವಿಮಾನದಿಂದ ಹಕ್ಕಿಯನ್ನು ದೂರವಿಡುವುದು ಹೇಗೆ ಎಂಬುದಕ್ಕೂ ಒಂದು ಇತಿಹಾಸವುಂಟು. ಅದನ್ನು ಯಾರೂ ಪಾಠವಾಗಿ ಬರೆಯಲಿಲ್ಲ, ಅಷ್ಟೆ.

ಅಳದಂಗಡಿಯ ಟೀಚರಿಗೆ ವಿಮಾನದ ಉಸಾಬರಿ ಯಾಕೆ ಎಂದು ನೀವು ನಗಬಹುದು. ನಮ್ಮೂರಿಗೆ ಹೆಸರು ಬಂದದ್ದು ಅಜಿಲ ಅರಸರ ಅರಮನೆಯಿಂದ. ಆದರೆ ನಮ್ಮ ಸೀಮೆಯಲ್ಲಿ ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿಯೇ ಮುಂದೆ ಗುರುಪುರ ಹೊಳೆ ಎನ್ನಿಸಿಕೊಂಡು ಬಜ್ಪೆಯ ಗುಡ್ಡದ ಬುಡವನ್ನು ಹಾದು ಕಡಲಿಗೆ ಹೋಗುತ್ತದೆ. ಆ ಗುಡ್ಡದ ಮೇಲೆ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣವನ್ನು ಉದ್ಘಾಟಿಸಿದರು. ಹಾಗಾಗಿ ವಿಮಾನ ನಮಗೆ ತೀರಾ ಪರದೇಶಿಯಲ್ಲ. ಇನ್ನೊಂದು ಕಾರಣ, ನನ್ನ ತಂಗಿಯ ಮಗ. ಅವನು ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ದುರಸ್ತಿಯ ಕೆಲಸದಲ್ಲಿದ್ದಾನೆ. "ದೊಡ್ಡಮ್ಮ, ಬೆಳಗ್ಗೆ ಎದ್ದು ಹೋದ ಕೂಡಲೇ ನನ್ನ ಮೊದಲ ಕೆಲಸ ಮೈನಾದ ಗೂಡು ಹುಡುಕುವುದು" ಎಂದು ಅವನು ಹೇಳಿದ ಮೇಲೆಯೇ ಈ ವಿಷಯ ನನ್ನ ತಲೆ ಹೊಕ್ಕದ್ದು.

ಬೆಂಗಳೂರಿಗೆ ಸಣ್ಣ ವಿಮಾನಗಳ ನಂಟು ಹಳೆಯದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಅಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜಕ್ಕೂರಿನಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿಂದ 1949ರಲ್ಲಿ ಕಲಿತು ಹೊರಬಂದವರು ಉಷಾ ಸುಂದರಂ ಎಂಬ ಹೆಣ್ಣುಮಗಳು. 1951ರಲ್ಲಿ ಆಕೆ ತಮ್ಮ ಪತಿ ವಿ. ಸುಂದರಂ ಅವರೊಡನೆ 'ಡವ್' ಎಂಬ ಸಣ್ಣ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿಕೊಂಡು ಬಂದರು. 1958ರಲ್ಲಿ ಹಿಂದೂಸ್ಥಾನ್ ಕಾರ್ಖಾನೆಯ 'ಪುಷ್ಪಕ್' ಮೊದಲ ಬಾರಿ ಹಾರಿತು. ಎರಡೇ ಆಸನ, 90 ಅಶ್ವಶಕ್ತಿಯ ಎಂಜಿನ್, ಚೌಕಟ್ಟಿನ ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆಯ ಮೈ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರೂ ಹುಡುಗಿಯರೂ ಹಾರಲು ಕಲಿತದ್ದು ಈ ಪುಷ್ಪಕ್‌ಗಳಲ್ಲಿ.

ಇಂಥ ವಿಮಾನಕ್ಕೆ ಯಾವಾಗಲೂ ಸೂರು ಸಿಗುವುದಿಲ್ಲ. ಜಾಗ ಸಾಲದಾದಾಗ ಬಯಲಿನಲ್ಲಿ ನಿಲ್ಲಿಸಿ, ಹಟ್ಟಿಯ ದನದಂತೆ ಹಗ್ಗದಲ್ಲಿ ಕಟ್ಟಿ ಹಾಕುತ್ತಾರೆ. ಆಗ ಹಕ್ಕಿಗಳು ಬರುತ್ತವೆ. ರೆಕ್ಕೆಯ ಮೇಲೆ ಕುಳಿತು ಹಿಕ್ಕೆ ಹಾಕಿದರೆ ಬಣ್ಣ ಕೆಡುತ್ತದೆ, ಒರೆಸದೆ ಬಿಟ್ಟರೆ ಅಡಿಯ ಲೋಹಕ್ಕೂ ಕೇಡು. ಆದರೂ ಅದು ಸಣ್ಣ ಸಂಗತಿ. ನಿಜವಾದ ಅಪಾಯವಿರುವುದು ಗೂಡಿನಲ್ಲಿ. ವಿಮಾನದ ಮೂತಿಯಲ್ಲಿ ಎಂಜಿನ್ ತಣ್ಣಗಾಗಲೆಂದು ಗಾಳಿ ನುಗ್ಗುವ ಎರಡು ಬಾಯಿಗಳಿರುತ್ತವೆ. ಬಾಲದ ಕಡೆಗೂ ಟೊಳ್ಳುಗಳಿರುತ್ತವೆ. ಗೊರವಂಕ, ಅಂದರೆ ನಮ್ಮ ಮೈನಾ, ಕೊಂಬೆಯ ಮೇಲೆ ಗೂಡು ಕಟ್ಟುವ ಜಾತಿಯಲ್ಲ. ಮರದ ಪೊಟರೆ, ಗೋಡೆಯ ಸಂದು, ಮಾಡಿನ ಅಡಿಯೇ ಅದಕ್ಕೆ ಬೇಕು. ಬೇಸಗೆ ಬಂತೆಂದರೆ ಗಂಡು ಹೆಣ್ಣು ಎರಡೂ ಸೇರಿ ಒಣಹುಲ್ಲು, ಕಡ್ಡಿ, ಚಿಂದಿ, ಕಾಗದ ಎಲ್ಲವನ್ನೂ ತುಂಬುತ್ತವೆ. ಪಶ್ಚಿಮ ದೇಶಗಳಲ್ಲಿ ಈ ಕೆಲಸ ಮಾಡುವುದು ಅದರ ದಾಯಾದಿ ಸ್ಟಾರ್ಲಿಂಗ್ ಹಕ್ಕಿ. ಕೆಲವೇ ಗಂಟೆಗಳಲ್ಲಿ ಎಂಜಿನ್ನಿನ ಬಾಯಿ ತುಂಬುವಷ್ಟು ಹುಲ್ಲು ತಂದು ತುರುಕುತ್ತದೆಂದು ಅದಕ್ಕೆ ಅಪಕೀರ್ತಿ. ಆ ಹುಲ್ಲಿನೊಡನೆ ಎಂಜಿನ್ ಚಾಲೂ ಮಾಡಿದರೆ ಗಾಳಿ ಹೋಗದೆ ಅದು ಕಾಯುತ್ತದೆ, ಹುಲ್ಲಿಗೆ ಬೆಂಕಿಯೂ ಹತ್ತಬಹುದು. ಬಾಲದೊಳಗಿನ ಗೂಡು ವಿಮಾನವನ್ನು ತಿರುಗಿಸುವ ತಂತಿಗಳಿಗೆ ಸಿಕ್ಕಿಕೊಳ್ಳಬಹುದು.

ಹಾಗಾದರೆ ಉಪಾಯವೇನು? ಹೆದರಿಸುವುದು ಒಂದು, ಮುಚ್ಚುವುದು ಇನ್ನೊಂದು. ಹೆದರಿಸುವುದರ ಫಲ ನಮ್ಮ ಗದ್ದೆಯಲ್ಲೇ ಗೊತ್ತಾಗಿದೆ. ಹಳೆಯ ಅಂಗಿ ತೊಡಿಸಿದ ಬೆರ್ಚಪ್ಪನಿಗೆ ಹಕ್ಕಿಗಳು ಎರಡು ದಿನ ಮರ್ಯಾದೆ ಕೊಡುತ್ತವೆ, ಮೂರನೆಯ ದಿನ ಅವನ ತಲೆಯ ಮೇಲೆಯೇ ಕಾಜಾಣ ಕುಳಿತಿರುತ್ತದೆ. ವಿಮಾನದ ಮೇಲೆ ಪ್ಲಾಸ್ಟಿಕ್ ಗೂಬೆ ಇಟ್ಟವರೂ ಮಿನುಗುವ ಪಟ್ಟಿ ಕಟ್ಟಿದವರೂ ಇದನ್ನೇ ಕಂಡರು. ಅಲುಗದ ವೈರಿ ವೈರಿಯಲ್ಲವೆಂಬುದು ಹಕ್ಕಿಗೆ ಬೇಗ ತಿಳಿಯುತ್ತದೆ. ಆದ್ದರಿಂದ ಬಾಳಿದ್ದು ಎರಡನೆಯ ದಾರಿ. ಮೂತಿಯ ಬಾಯಿಗಳಿಗೆ ಅಳತೆಗೆ ಕತ್ತರಿಸಿದ ಸ್ಪಂಜಿನ ಬಿರಡೆ, ಮೈಗೆ ಕ್ಯಾನ್ವಾಸಿನ ಹೊದಿಕೆ, ಬಾಲದ ಸಂದುಗಳಿಗೆ ಜಾಲರಿ, ವೇಗ ಅಳೆಯಲು ಗಾಳಿ ಹಿಡಿಯುವ ಸಣ್ಣ ಕೊಳವೆಗೆ ಚೀಲದಂಥ ಒಂದು ಟೊಪ್ಪಿಗೆ. ಗೂಡು ಕಟ್ಟುವ ಮೊದಲೇ ಮುಚ್ಚಿದರೆ ಹಕ್ಕಿಗೂ ಒಳ್ಳೆಯದು. ಮೊಟ್ಟೆಯಿಟ್ಟ ಗೂಡನ್ನು ಕಿತ್ತೆಸೆಯುವ ಪಾಪ ತಪ್ಪುತ್ತದೆ.

ಆದರೆ ಮುಚ್ಚಿದ್ದನ್ನು ಹಾರುವ ಮುನ್ನ ತೆಗೆಯಬೇಕಲ್ಲ! ಮುಚ್ಚದಿರುವುದೂ ತೆಗೆಯದಿರುವುದೂ ಎಂಥ ಅನಾಹುತ ಎಂಬುದನ್ನು 1996ನೆಯ ಇಸವಿ ಒಂದರಲ್ಲೇ ಜಗತ್ತು ಕಂಡಿತು. ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಏರಿದ ದೊಡ್ಡ ವಿಮಾನವೊಂದು ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 189 ಮಂದಿಯೂ ಸತ್ತರು. ಅದು ಅನೇಕ ದಿನ ನಿಂತಿದ್ದಾಗ ಕೊಳವೆಗೆ ಟೊಪ್ಪಿಗೆ ಹಾಕಿರಲಿಲ್ಲ. ಅದರೊಳಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಮನೆ ಮಾಡಿದ್ದಿರಬೇಕೆಂದು ತನಿಖೆಯವರು ಅಭಿಪ್ರಾಯಪಟ್ಟರು. ನಮ್ಮ ಮನೆಯ ಕಿಟಕಿಯ ಸಂದಿನಲ್ಲಿ ಕಟ್ಟುತ್ತದಲ್ಲ, ಅದೇ ಬಗೆಯ ಹುಳ. ಅದೇ ವರ್ಷ ಅಕ್ಟೋಬರ್ 2ರಂದು ಪೆರು ದೇಶದಲ್ಲಿ, ವಿಮಾನ ತೊಳೆಯುವಾಗ ರಂಧ್ರಗಳಿಗೆ ಅಂಟಿಸಿದ್ದ ಪಟ್ಟಿಯನ್ನು ತೆಗೆಯಲು ಮರೆತರು. ಆ ವಿಮಾನದಲ್ಲಿದ್ದ 70 ಮಂದಿಯೂ ಸತ್ತರು.

ಇದಕ್ಕಾಗಿಯೇ ಆ ಟೊಪ್ಪಿಗೆ, ಬಿರಡೆಗಳಿಗೆಲ್ಲ ದೂರದಿಂದಲೇ ಕಾಣುವಂತೆ ಕೆಂಪು ಪಟ್ಟಿ ತೂಗಬಿಡುತ್ತಾರೆ. ಹಾರುವ ಮುನ್ನ ಪೈಲಟ್ ಕೈಯಲ್ಲಿ ಪಟ್ಟಿ ಹಿಡಿದು ವಿಮಾನಕ್ಕೆ ಒಂದು ಪ್ರದಕ್ಷಿಣೆ ಬರುತ್ತಾನೆ, ಟೊಳ್ಳುಗಳೊಳಗೆ ಟಾರ್ಚ್ ಬಿಟ್ಟು ನೋಡುತ್ತಾನೆ. ಈ ಪಟ್ಟಿ ಹಿಡಿಯುವ ಪದ್ಧತಿಗೂ ಒಂದು ದುರಂತವೇ ಮೂಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪೆನಿಯ ಹೊಸ ವಿಮಾನವೊಂದು ಏರುತ್ತಲೇ ಬಿತ್ತು. ನಿಂತಾಗ ಗಾಳಿಗೆ ಅಲುಗದಂತೆ ಹಾಕಿದ್ದ ಕೀಲನ್ನು ತೆಗೆಯದೆ ಏರಿಸಿದ್ದರು. ನುರಿತ ಪೈಲಟ್‌ಗಳೇ ಮರೆತರು. ಅಲ್ಲಿಂದ ಮುಂದೆ ಯಾರ ನೆನಪನ್ನೂ ನಂಬದೆ ಎಲ್ಲವನ್ನೂ ಬರೆದಿಟ್ಟರು. ಯಾವುದನ್ನು ನೋಡಬೇಕು, ಯಾವುದನ್ನು ಬಿಚ್ಚಬೇಕು, ಎಲ್ಲಕ್ಕೂ ಒಂದೊಂದು ಸಾಲು. ದುರಸ್ತಿಗಾರನ ಕೆಲಸಕ್ಕೆ ಪುಸ್ತಕದಲ್ಲಿ ಅವನ ರುಜು.

ನನ್ನನ್ನು ತಟ್ಟಿದ್ದು ಈ ರುಜು. ಹಕ್ಕಿ ಕಾಯುವುದು ನಮ್ಮ ಮನೆಗಳಲ್ಲಿ ಹೆಂಗಸರ, ಅದರಲ್ಲೂ ಹೆಣ್ಣುಮಕ್ಕಳ ಕೆಲಸವಾಗಿತ್ತು. ಕುಚ್ಚಲಕ್ಕಿಗೆಂದು ಬೇಯಿಸಿದ ಭತ್ತವನ್ನು ಅಂಗಳದ ಚಾಪೆಗಳ ಮೇಲೆ ಹರವಿದರೆ ಕಾಗೆ, ಮೈನಾ, ಗುಬ್ಬಿ, ಊರಿನ ಕೋಳಿಗಳೆಲ್ಲ ಹಾಜರು. ನೆತ್ತಿ ಸುಡುವ ಬಿಸಿಲಿನಲ್ಲಿ ಕೋಲು ಹಿಡಿದು ಒಬ್ಬರು ಕೂರಲೇಬೇಕು. ಮೋಡ ಕಂಡರೆ ಚಾಪೆ ಮಡಚಬೇಕು, ನಡುನಡುವೆ ಕಾಲಿನಿಂದ ಭತ್ತ ತಿರುವಬೇಕು. ನನ್ನ ಅಕ್ಕ ಐದನೆಯ ತರಗತಿಯ ಮೇಲೆ ಶಾಲೆಗೆ ಹೋಗದಿದ್ದುದಕ್ಕೆ ಮನೆಯಲ್ಲಿ ಹೇಳುತ್ತಿದ್ದ ಕಾರಣ, ಅಂಗಳಕ್ಕೆ ಜನ ಬೇಕು ಎಂಬುದು. ನಾನು ಟೀಚರಾದ ಮೊದಲ ವರ್ಷಗಳಲ್ಲೂ ಕೊಯಿಲಿನ ದಿನಗಳ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ ಸಾಲಾಗಿರುತ್ತಿತ್ತು. ಹುಡುಗಿ ಅಂಗಳ ಕಾದದ್ದಕ್ಕೆ ಉಳಿದ ದಾಖಲೆ ಎಂದರೆ ಅದೊಂದೇ: ಶಾಲೆಗೆ ಬಂದಿಲ್ಲ ಎಂಬ ಗುರುತು. ಉಳಿದ ಭತ್ತ ಎಷ್ಟು ಸೇರು, ಉಳಿಸಿದವರು ಯಾರು ಎಂದು ಯಾರೂ ಬರೆದಿಡಲಿಲ್ಲ. ಹಕ್ಕಿ ತಿಂದು ಹೋದ ದಿನ ಮಾತ್ರ ಬೈಗುಳ ತಪ್ಪುತ್ತಿರಲಿಲ್ಲ.

ವಿಮಾನದ ಲೋಕ ನೂರಾರು ಜೀವಗಳನ್ನು ಕಳೆದುಕೊಂಡು ಕಲಿತದ್ದು ಇದನ್ನೇ: ಕಾಯುವುದು, ಮುಚ್ಚುವುದು, ಹೊತ್ತಿಗೆ ಸರಿಯಾಗಿ ತೆಗೆಯುವುದು ಕೂಡ ವಿದ್ಯೆ, ಅದನ್ನು ಮಾಡಿದವರ ಹೆಸರನ್ನು ಬರೆದಿಡಬೇಕು. ತಂಗಿಯ ಮಗನ ಕೆಲಸವನ್ನು ನಾನು ಅಕ್ಕನಿಗೆ ವಿವರಿಸಿ ಹೇಳಿದೆ. ಟೊಪ್ಪಿಗೆ, ಬಿರಡೆ, ಕೆಂಪು ಪಟ್ಟಿ ಎಲ್ಲವನ್ನೂ ಆಕೆ ಗಮನವಿಟ್ಟು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: "ಹಕ್ಕಿ ಕಾಯಲಿಕ್ಕೆ ಅವನಿಗೆ ಸಂಬಳವೂ ಉಂಟಾ?"

ಉಂಟು ಎಂದೆ.